ಪ್ರಶ್ನೆ ಕೇಳಿ ಓಡಿಹೋದವಳು

ಮೈಕ್ ಕೈಗೆ ಬರುವ ಹೊತ್ತಿಗೆ ಅವಳ ಅಂಗೈ ಬೆವೆತಿತ್ತು.

ವೇದಿಕೆಯ ಮೇಲಿದ್ದ ಇಂಜಿನಿಯರ್ ಆಗಷ್ಟೇ ಮಾತು ಮುಗಿಸಿದ್ದ. ಅವನ ಹಿಂದಿನ ಪರದೆಯಲ್ಲಿ ಒಂದು ಪುಟ್ಟ ಕೃತಕ ಕೈ ಬೆರಳು ಮಡಚಿ, ಬಿಡಿಸಿ, ಕೊನೆಗೆ ಮೊಟ್ಟೆಯೊಂದನ್ನು ಒಡೆಯದೆ ಎತ್ತಿ ಇಟ್ಟಿತ್ತು. ಕೈಯಿಲ್ಲದೆ ಹುಟ್ಟಿದ ಮಕ್ಕಳಿಗಾಗಿ ಅವನ ತಂಡ ಮಾಡಿದ ಕೈ ಅದು. ಕೃತಕ ಕೈಕಾಲು ತಯಾರಿಸುವವರ ಆ ವಾರ್ಷಿಕ ಸಮ್ಮೇಳನದಲ್ಲಿ ಬೆಳಗಿನಿಂದ ಇನ್ಯಾರಿಗೂ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲ.

"ಹಿಂದಿನ ಸಾಲಿನವರು... ಕೇಳಿ," ಎಂದ ಅವನು ನಗುತ್ತ.

ನಕ್ಕಾಗ ಎಡಗೆನ್ನೆಯಲ್ಲಿ ಸಣ್ಣ ಗುಳಿ. ಅದು ಅವಳ ಕಣ್ಣಿಗೆ ಬಿತ್ತು. ಪ್ರಶ್ನೆ ಕೇಳಲು ಎದ್ದವಳ ಕಣ್ಣಿಗೆ ಬೀಳಬೇಕಾದದ್ದಲ್ಲ ಅದು!

"ಕೈ ತುಂಬ ಚೆನ್ನಾಗಿದೆ ಸರ್. ಒಂದೇ ಪ್ರಶ್ನೆ... ಕೊಟ್ಟು ಒಂದು ವರ್ಷ ಆದಮೇಲೆ ಎಷ್ಟು ಮಕ್ಕಳು ಅದನ್ನ ಇನ್ನೂ ಹಾಕ್ಕೊಳ್ತಿದ್ದಾರೆ?"

ನಗು ಅವನ ಮುಖದ ಮೇಲೆ ಹಾಗೇ ಉಳಿಯಿತು. ಗುಳಿ ಮಾತ್ರ ಮಾಯವಾಯಿತು.

"ಗೊತ್ತಿಲ್ಲ," ಎಂದ ಅವನು. "ನಾವು ಅದನ್ನ ಕೇಳೇ ಇಲ್ಲ."

ನಡುವಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ಅವಸರ ಅವಸರವಾಗಿ ಟೀ ವಿರಾಮ ಘೋಷಿಸಿದರು. ಅವಳು ಕುರ್ಚಿಯಲ್ಲಿ ಕುಸಿದಳು.

'ಅಯ್ಯೋ... ಮತ್ತೆ ಅದೇ ಕೆಲಸ ಮಾಡಿದೆನಲ್ಲ...'

ಆ 'ಮತ್ತೆ'ಗೆ ಒಂದು ಹಿನ್ನೆಲೆ ಇತ್ತು. ಓದು ಮುಗಿಸಿ ಅವಳು ಮೊದಲು ಸೇರಿದ್ದು ದೊಡ್ಡ ಆಸ್ಪತ್ರೆಯೊಂದಕ್ಕೆ. ಅಲ್ಲಿನ ಮೇಲಧಿಕಾರಿ, "ನಿನಗೆ ಕೈಗಿಂತ ಬಾಯಿ ಮುಂದು" ಎನ್ನುತ್ತಿದ್ದ. ಆಮೇಲೆ ಒಂದು ಮದುವೆಯ ಮಾತು ನಡೆಯಿತು. ದಿನ ಗೊತ್ತಾಗುವ ಹಂತಕ್ಕೂ ಬಂದಿತ್ತು. ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡುತ್ತಾಳೆ ಎಂದು ಹುಡುಗನ ಕಡೆಯವರು ಮಾತಾಡಿಕೊಳ್ಳುತ್ತಿದ್ದಾಗ ಅವಳು ಹುಡುಗನನ್ನೇ ಕೇಳಿದಳು, "ಇದನ್ನ ಯಾರು ತೀರ್ಮಾನ ಮಾಡಿದ್ದು?" ಅವನು ತಾಯಿಯ ಮುಖ ನೋಡಿದ. ವಾರ ಕಳೆಯುವುದರೊಳಗೆ ಸಂಬಂಧ ಮುರಿಯಿತು. ಹುಡುಗಿ ಒಳ್ಳೆಯವಳೇ, ಪ್ರಶ್ನೆ ಜಾಸ್ತಿ ಎಂದು ಹೇಳಿ ಕಳಿಸಿದ್ದರು.

ಅಂದಿನಿಂದ ಅವಳು ಆಸ್ಪತ್ರೆಯ ಕೆಲಸ ಬಿಟ್ಟು, ಕೃತಕ ಕೈ ಮಾಡುವ ಚಿಕ್ಕಮ್ಮನ ವರ್ಕ್‌ಶಾಪಿನಲ್ಲೇ ಇದ್ದಳು. ಪ್ಲಾಸ್ಟರ್ ಪುಡಿ ಮೆತ್ತಿದ ನೆಲ, ಚರ್ಮದ ಪಟ್ಟಿಗಳ ವಾಸನೆ, ಗೋಡೆಗೆ ಸಾಲಾಗಿ ನೇತುಹಾಕಿದ ಪುಟ್ಟ ಪುಟ್ಟ ಕೈಗಳು. ಅಳತೆಗೆ ಬರುವ ಮಕ್ಕಳು ಅವಳಿಗೆ 'ಕೈಯಕ್ಕ' ಎಂದು ಹೆಸರಿಟ್ಟಿದ್ದವು. ಆ ಹೆಸರಿನೊಳಗೆ ಅವಳು ಸುಖವಾಗಿ ಅಡಗಿಕೊಂಡಿದ್ದಳು. ಅಲ್ಲಿಂದ ಎಬ್ಬಿಸಿ ಸಮ್ಮೇಳನಕ್ಕೆ ತಳ್ಳಿದವಳು ಚಿಕ್ಕಮ್ಮನೇ.

"ಭಾಷಣಗಳನ್ನ ಆಮೇಲೆ ಮನೇಲಿ ಕೂತು ಕಂಪ್ಯೂಟರಲ್ಲೂ ನೋಡಬಹುದು," ಎಂದಿದ್ದಳು ಚಿಕ್ಕಮ್ಮ. "ಮನುಷ್ಯರು ಹಾಗೆ ಸಿಗಲ್ಲ. ಪರಿಚಯ ಇಲ್ಲದವರ ಪಕ್ಕ ಹೋಗಿ ಕೂತ್ಕೋ. ಟೀ ಕುಡಿಯೋವಾಗ ಫೋನ್ ನೋಡ್ತಾ ನಿಲ್ಲಬೇಡ. ಅವರು ಕೊಡೋ ಚೀಲ, ಪೆನ್ನು ಅಷ್ಟೇ ತಗೊಂಡು ಬಂದ್ರೆ ಬಾಗಿಲು ತೆಗೆಯಲ್ಲ, ನೋಡು."

ಈಗ ಎಲ್ಲರೂ ಟೀ ಕುಡಿಯುತ್ತಿದ್ದರೆ ಕೈಯಕ್ಕ ಕಂಬದ ಮರೆಯಲ್ಲಿ ನಿಂತು ಫೋನ್ ಹಿಡಿದಿದ್ದಳು.

"ಚಿಕ್ಕಮ್ಮ... ನಾನು ಒಬ್ಬರ ಮರ್ಯಾದೆ ಕಳೆದುಬಿಟ್ಟೆ."

ನಡೆದದ್ದನ್ನೆಲ್ಲ ಕೇಳಿದ ಚಿಕ್ಕಮ್ಮ, "ಕೇಳಿದ್ದು ಸರಿಯಾಗೇ ಇದೆ. ಕೇಳಿದ ರೀತಿ?" ಎಂದಳು.

"ಅದೇ ಗೊತ್ತಾಗ್ತಿಲ್ಲ."

"ಹಾಗಾದ್ರೆ ಫೋನ್ ಇಟ್ಟು ಅವನ ಹತ್ರ ಹೋಗು. ನಾಳೆ ಮಾತಾಡ್ತೀನಿ ಅನ್ಬೇಡ, ನಾಳೆ ಕೊನೇ ದಿನ, ಎಲ್ಲರೂ ಪೆಟ್ಟಿಗೆ ಹಿಡ್ಕೊಂಡು ಊರಿಗೆ ಹೊರಡೋ ಗಡಿಬಿಡೀಲಿ ಇರ್ತಾರೆ."

ಅವಳು ಹೋದಳು. ಇಂಜಿನಿಯರ್ ಮೊಗಸಾಲೆಯ ತುದಿಯ ಕಿಟಕಿಯ ಬಳಿ ಒಬ್ಬನೇ ನಿಂತಿದ್ದ, ಕಿವಿಗೆ ಫೋನ್ ಒತ್ತಿಕೊಂಡು. ಹೆಜ್ಜೆ ಸಪ್ಪಳಕ್ಕೆ ತಿರುಗಿದ. ಕಣ್ಣುಗಳು ಕೆಂಪಾಗಿದ್ದವು. ಅವಳು ಬಾಯಿ ತೆರೆಯುವುದಕ್ಕೂ ಅವನು ಅಂಗೈ ಎತ್ತಿ ಅಡ್ಡ ಹಿಡಿಯುವುದಕ್ಕೂ ಸರಿಹೋಯಿತು. ಹಿಡಿದವನು ಮತ್ತೆ ಕಿಟಕಿಯ ಕಡೆ ತಿರುಗಿಕೊಂಡ.

ಸಾಕು, ಇನ್ನು ಹತ್ತಿರ ಬರಬೇಡ... ಅವಳಿಗೆ ಕಂಡ ಅರ್ಥ ಅಷ್ಟೇ.

ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಅವಳು ಬಸ್ಸು ಹತ್ತಿದಳು. ಮರುದಿನದ ಸಮ್ಮೇಳನ ಅವಳಿಲ್ಲದೆಯೇ ನಡೆಯಿತು.

"ಒಂದು ದಿನ ಮುಂಚೆನೇ ಬಂದ್ಯಲ್ಲ," ಎಂದಳು ಚಿಕ್ಕಮ್ಮ, ಚರ್ಮ ಕತ್ತರಿಸುತ್ತಿದ್ದ ಕತ್ತರಿಯನ್ನು ನಿಲ್ಲಿಸದೆ.

"ಅವರು ನನ್ನ ಮುಖ ನೋಡೋಕೂ ತಯಾರಿರಲಿಲ್ಲ."

"ಅದು ಅವನ ಪಾಡು. ನಮ್ಮ ಮಕ್ಕಳಲ್ಲಿ ಎಷ್ಟು ಜನ ಹಾಕ್ಕೊಳ್ತಿದ್ದಾರೆ, ಹೇಳು ನೋಡೋಣ?"

ಅವಳು ಗೋಡೆಯ ಮೇಲಿನ ಕೈಗಳನ್ನು ನೋಡಿದಳು. ಅವಳೂ ಯಾರನ್ನೂ ಕೇಳಿರಲಿಲ್ಲ.

ಆ ವರ್ಷದ ಭಾನುವಾರಗಳೆಲ್ಲ ಅದಕ್ಕೇ ಹೋದವು. ತಾನು ಕೈ ಮಾಡಿಕೊಟ್ಟ ಮಕ್ಕಳ ಮನೆ ಹುಡುಕಿಕೊಂಡು ಹೋದಳು. ಒಂದು ಮನೆಯಲ್ಲಿ ಕೈ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. ಇನ್ನೊಂದರಲ್ಲಿ ತಂಗಿ ಅದನ್ನು ಗೊಂಬೆಗೆ ಕಟ್ಟಿ ಆಡುತ್ತಿದ್ದಳು. "ಸೆಕೆ ಆಗತ್ತೆ ಅಕ್ಕ, ಚೆಂಡೂ ಹಿಡಿಯೋಕಾಗಲ್ಲ," ಎಂದ ಒಬ್ಬ. ಎರಡು ಜಡೆಯ ಹುಡುಗಿಯೊಬ್ಬಳು ಮಾತ್ರ, "ಸೈಕಲ್ ಹೊಡೆಯೋವಾಗ ಹಾಕ್ಕೋತೀನಿ, ಇಳಿದ ತಕ್ಷಣ ಬಿಚ್ಚಿ ಎಸೀತೀನಿ," ಎಂದು ಸತ್ಯ ಒಪ್ಪಿಕೊಂಡಳು. "ಫೋಟೋ ತೆಗೆಯೋವಾಗ ಅಮ್ಮ ಹಾಕಿಸ್ತಾಳೆ. ಅದು ಅಮ್ಮನಿಗೋಸ್ಕರ."

ಪ್ರತಿ ಮನೆಯಿಂದ ಹೊರಬರುವಾಗಲೂ ಅವನ ನೆನಪಾಗುತ್ತಿತ್ತು. 'ಅವತ್ತು ಉತ್ತರ ಗೊತ್ತಿದ್ದವಳ ಹಾಗೆ ಕೇಳಿದೆ. ಅವನಾದರೋ ಅಷ್ಟು ಜನರೆದುರು ಗೊತ್ತಿಲ್ಲ ಅಂದ. ನಾನಾಗಿದ್ದರೆ ಅನ್ನುತ್ತಿದ್ದೆನೇ?'

ನಡುವೆ ಒಂದು ದಿನ ಸಾಮಾನು ಪೂರೈಸುವ ವ್ಯಾಪಾರಿ ಮಾತಿಗೆ ಮಾತು ಬಂದು, ಮೊಟ್ಟೆ ಎತ್ತುವ ಕೈಯ ಕೆಲಸವನ್ನು ಆ ಇಂಜಿನಿಯರ್ ನಿಲ್ಲಿಸಿಬಿಟ್ಟನಂತೆ ಎಂದ. ಅವತ್ತು ಅವಳಿಗೆ ಊಟ ಸೇರಲಿಲ್ಲ. ತನ್ನ ಒಂದು ಮಾತಿನಿಂದ ಒಬ್ಬನ ವರ್ಷಗಳ ದುಡಿಮೆ ನೆಲ ಕಚ್ಚಿತೇ?

ಮುಂದಿನ ವರ್ಷದ ಸಮ್ಮೇಳನಕ್ಕೆ ಅವಳು ತಾನೇ ಕೇಳಿಕೊಂಡು ಮಾತಾಡಲು ಒಪ್ಪಿಗೆ ಪಡೆದಳು. ಮಕ್ಕಳು ಬಿಚ್ಚಿಟ್ಟ ಕೈಗಳ ಬಗ್ಗೆ. ವೇದಿಕೆ ಹತ್ತಿ ತಲೆಯೆತ್ತಿದರೆ... ಮೊದಲ ಸಾಲಿನಲ್ಲಿ ಅವನು.

ಬರೆದುಕೊಂಡು ಹೋಗಿದ್ದ ಮೊದಲ ವಾಕ್ಯ ಮರೆತೇಹೋಯಿತು.

"ಹೋದ ವರ್ಷ ಇಲ್ಲಿ ಒಬ್ಬರು 'ಗೊತ್ತಿಲ್ಲ' ಅಂದ್ರು," ಎಂದು ಅವಳು ಶುರುಮಾಡಿದಳು. "ಅವರನ್ನ ನೋಡಿ ಕೆಲವರು ನಕ್ಕರು. ನಿಜ ಅಂದ್ರೆ, ಪ್ರಶ್ನೆ ಕೇಳಿದವಳಿಗೂ ಉತ್ತರ ಗೊತ್ತಿರಲಿಲ್ಲ. ಅವಳನ್ನ ಯಾರೂ ಕೇಳಲಿಲ್ಲ, ಅದಕ್ಕೆ ಬಚಾವಾದಳು. ಕ್ಷಮೆ ಕೇಳೋಕೂ ನಿಲ್ಲದೆ ಓಡಿಹೋದಳು. ಈ ವರ್ಷ ಉತ್ತರ ತಂದಿದ್ದೀನಿ. ಚೆನ್ನಾಗಿರೋ ಉತ್ತರ ಅಲ್ಲ."

ಮುಗಿದಾಗ ಚಪ್ಪಾಳೆ ತಡವಾಗಿ ಬಂತು. ಜನ ಯೋಚಿಸುತ್ತಿದ್ದರು.

ವಿರಾಮದಲ್ಲಿ ಅವಳು ಕಂಬದ ಮರೆ ಸೇರುವ ಮೊದಲೇ ಎರಡು ಲೋಟ ಟೀ ಹಿಡಿದು ಅವನು ಎದುರಿಗೆ ನಿಂತಿದ್ದ.

"ಬಸ್ಸು ಹತ್ತೋಕೆ ಮುಂಚೆ ಇದನ್ನ ಕುಡೀತೀರಾ?"

ಅವಳು ಲೋಟ ತೆಗೆದುಕೊಂಡಳು.

"ಅವತ್ತು ನೀವು ಕೈ ತೋರಿಸಿ..."

"ಒಂದು ನಿಮಿಷ ಇರಿ ಅಂತ ತೋರಿಸಿದ್ದು," ಎಂದ ಅವನು. "ಒಬ್ಬ ಹುಡುಗನ ತಾಯಿಗೆ ಫೋನ್ ಮಾಡಿದ್ದೆ, ನಿಮ್ಮ ಪ್ರಶ್ನೆ ಕೇಳೋಕೆ. ಆಕೆ ಅಳ್ತಿದ್ರು. 'ಮಗ ಅದನ್ನ ಮುಟ್ಟೋದೇ ಇಲ್ಲ, ನೀವು ಇಷ್ಟು ಕಷ್ಟಪಟ್ಟಿದ್ದೀರಲ್ಲ, ಹೇಗೆ ಹೇಳೋದು ಅಂತ ಸುಮ್ಮನಿದ್ದೆ' ಅಂದ್ರು. ಅಳ್ತಿರೋರ ಫೋನ್ ಇಡೋಕಾಗತ್ತಾ? ಮುಗಿಸಿ ತಿರುಗಿದ್ರೆ ನೀವಿಲ್ಲ. ಬಸ್ಸಿಗೆ ಹೋದ್ರು ಅಂತ ಯಾರೋ ಹೇಳಿದ್ರು, ನಿಲ್ದಾಣದ ತನಕ ಬಂದೆ."

"ಬಂದಿದ್ರಾ..."

"ನಿಮ್ಮ ಹೆಸರೂ ಗೊತ್ತಿರಲಿಲ್ಲ. ಏನಂತ ಕೂಗೋದು?"

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣು ತುಂಬಿತು. ಒಂದಿಡೀ ವರ್ಷ ಎದೆಯ ಮೇಲೆ ಹೊತ್ತಿದ್ದ ಕಲ್ಲು 'ಒಂದು ನಿಮಿಷ ಇರಿ' ಎಂಬಷ್ಟೇ ಆಗಿತ್ತೇ?

"ಕೆಲಸ ನಿಲ್ಲಿಸಿದ್ರಿ ಅಂತ ಕೇಳಿದೆ."

"ನಿಲ್ಲಿಸಿದೆ, ಮೊದಲಿಂದ ಶುರು ಮಾಡೋಕೆ." ಅವನು ಲೋಟವನ್ನು ಕೈಯಲ್ಲೇ ತಿರುಗಿಸಿದ. "ಅವತ್ತು ಎಲ್ಲರೂ ಬೆನ್ನು ತಟ್ಟಿದ್ರು. ಆದ್ರೆ ಆ ಸಭೆಯಲ್ಲಿ ನನ್ನ ಮಾತನ್ನ ನಿಜವಾಗಿ ಕೇಳಿಸ್ಕೊಂಡಿದ್ದು ನೀವೊಬ್ರೇ. ಈ ವರ್ಷದ ಆಹ್ವಾನದಲ್ಲಿ ನಿಮ್ಮ ಫೋಟೋ ನೋಡಿದೆ. ನಂಬರ್ ಹುಡುಕೋದು ಕಷ್ಟ ಇರಲಿಲ್ಲ. ಬೇಡ ಅನ್ನಿಸ್ತು."

"ಯಾಕೆ?"

"ಫೋನಲ್ಲಿ ನಿಮ್ಮ ಮುಖ ಕಾಣಲ್ಲ. ತಪ್ಪು ತಿಳ್ಕೊಂಡ್ರೆ ಸರಿಮಾಡೋದು ಹೇಗೆ?"

ಅವತ್ತು ಅವರು ಪ್ರತಿ ಗೋಷ್ಠಿಯಲ್ಲೂ ಅಕ್ಕಪಕ್ಕ ಕೂತರು. ಅವಳು ಪಿಸುದನಿಯಲ್ಲಿ ಸಂದೇಹ ಹೇಳುವುದು, ಅವನು ಕೈಯೆತ್ತಿ ಅದನ್ನು ಕೇಳುವುದು. ಸಂಜೆಯ ಹೊತ್ತಿಗೆ ಪರಿಚಯವಿಲ್ಲದ ಎಷ್ಟೋ ಮಂದಿ ಅವರ ಮೇಜಿನ ಸುತ್ತ ಕುರ್ಚಿ ಎಳೆದುಕೊಂಡಿದ್ದರು. ಈ ಸಲ ಅವಳು ಕೊನೆಯ ಗೋಷ್ಠಿಯ ತನಕ ನಿಂತಳು.

ಆಮೇಲೆ ಅವನು ಶನಿವಾರಗಳಂದು ವರ್ಕ್‌ಶಾಪಿಗೆ ಬರತೊಡಗಿದ. ಮೊದಲ ದಿನವೇ ಚಿಕ್ಕಮ್ಮ, "ಇಂಜಿನಿಯರೇ, ಮಾತಾಡೋ ಮುಂಚೆ ಆ ಪ್ಲಾಸ್ಟರ್ ಬಕೆಟ್ ಎತ್ತಿ ಇಡಿ," ಎಂದಳು. ಅವನು ಎತ್ತಿಟ್ಟ. ಅಲ್ಲಿಗೆ ಪರೀಕ್ಷೆ ಪಾಸಾಯಿತು. ಎರಡು ಜಡೆಯ ಹುಡುಗಿಗೆ ಇಬ್ಬರೂ ಸೇರಿ ಹಗುರವಾದ ಒಂದು ಕೈ ಮಾಡಿದರು. ಅದಕ್ಕೆ ಬೆರಳುಗಳೇ ಇರಲಿಲ್ಲ. ಸೈಕಲ್ಲಿನ ಹ್ಯಾಂಡಲ್ ಹಿಡಿಯುವುದೊಂದೇ ಅದರ ಕೆಲಸ. ಅದನ್ನು ಹಾಕಿಕೊಂಡು ಹೋದ ಹುಡುಗಿ ಕತ್ತಲಾಗುವ ತನಕ ಮನೆಗೆ ಬರಲಿಲ್ಲವೆಂದು ಅವಳ ಅಮ್ಮನಿಂದ ದೂರು ಬಂತು.

ಕೆಲಸದ ನಡುವೆ ಕೈಯಕ್ಕನ ಪ್ರಶ್ನೆಗಳಿಗೆ ಬಿಡುವಿರಲಿಲ್ಲ. ಈ ಪಟ್ಟಿ ಇಲ್ಲೇ ಯಾಕೆ, ಮಗು ಒಂದೇ ಕೈಯಲ್ಲಿ ಇದನ್ನು ಬಿಚ್ಚುವುದು ಹೇಗೆ... ಕೆಲವೊಮ್ಮೆ ಅವನು ಥಟ್ಟನೆ ಸುಮ್ಮನಾಗುತ್ತಿದ್ದ. ಆಗೆಲ್ಲ ಅವಳಿಗೆ ಅನ್ನಿಸುತ್ತಿತ್ತು, 'ಆಯಿತು, ಇವನಿಗೂ ಸಾಕಾಯಿತು...' ಅಷ್ಟರಲ್ಲಿ ಅವನು ತಲೆಯೆತ್ತಿ, "ನೀವು ಹೇಳಿದ್ದು ಸರಿ, ಬಿಚ್ಚೋಕಾಗಲ್ಲ," ಎನ್ನುತ್ತಿದ್ದ. ಅವನು ಮುನಿಸಿಕೊಂಡು ಸುಮ್ಮನಾಗುವವನಲ್ಲ, ಯೋಚಿಸಲು ಸುಮ್ಮನಾಗುವವನು. ಅದು ಅರ್ಥವಾಗಲು ಅವಳಿಗೆ ಬಹಳ ಶನಿವಾರಗಳು ಬೇಕಾದವು. ಅರ್ಥವಾದ ದಿನ ಬೇರೇನೋ ಅರ್ಥವಾಗಿ, ಅವಳು ಅಳತೆಯ ಪಟ್ಟಿ ಹಿಡಿದುಕೊಂಡು ಅದನ್ನೇ ಹುಡುಕುತ್ತ ವರ್ಕ್‌ಶಾಪೆಲ್ಲ ಸುತ್ತಿದಳು. ಚಿಕ್ಕಮ್ಮ ನೋಡಿಯೂ ನೋಡದವಳಂತೆ ಇದ್ದಳು.

ಮೂರನೆಯ ವರ್ಷ ಸಮ್ಮೇಳನದ ಒಂದು ಗೋಷ್ಠಿಯನ್ನು ಅವರಿಬ್ಬರೂ ಸೇರಿ ನಡೆಸಿದರು. ವೇದಿಕೆ ಬಿಟ್ಟು ಕೆಳಗೆ ಕುರ್ಚಿಗಳನ್ನು ದುಂಡಗೆ ಹಾಕಿಸಿದರು. ಮಾತಾಡಿದ್ದು ಮಕ್ಕಳು, ತಂದೆತಾಯಂದಿರು. ಕೈ ಮಾಡುವವರೆಲ್ಲ ಕೂತು ಕೇಳಿದರು. ಗೋಷ್ಠಿ ಮುಗಿದರೂ ಜನ ಏಳಲಿಲ್ಲ.

ಕೊನೆಗೆ ಎಲ್ಲರೂ ಹೊರಟರು. ಕೆಲಸದವರು ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತ ಬರುತ್ತಿದ್ದರು. ಕಿಟಕಿಯಿಂದ ಇಳಿಹೊತ್ತಿನ ಬಿಸಿಲು ಖಾಲಿ ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಉಳಿದದ್ದು ಎರಡು ಕುರ್ಚಿ, ಅವುಗಳಲ್ಲಿ ಅವರಿಬ್ಬರು.

"ಶನಿವಾರ ಮಾತ್ರ ಬರೋದು ನನಗೆ ಸಾಕಾಗ್ತಿಲ್ಲ," ಎಂದ ಅವನು.

"ವರ್ಕ್‌ಶಾಪಲ್ಲಿ ಅಷ್ಟು ಕೆಲಸ ಇದೆಯಾ?"

"ಕೆಲಸದ ಮಾತಲ್ಲ." ಅವನು ನೇರವಾಗಿ ಅವಳನ್ನು ನೋಡಿದ. "ಮನೆಗೆ ಹೋದ್ಮೇಲೂ ಏನೇ ನೋಡಿದ್ರೂ ಇದಕ್ಕೆ ನೀವೇನು ಕೇಳ್ತಿದ್ರಿ ಅಂತ ಯೋಚಿಸ್ತೀನಿ. ಆಮೇಲೆ ತಿರುಗಿ ನೋಡ್ತೀನಿ, ಪಕ್ಕದಲ್ಲಿ ಯಾರೂ ಇರಲ್ಲ. ನೀವು ಇರಬೇಕು ಅನ್ನಿಸತ್ತೆ. ಎಲ್ಲಾ ದಿನ."

ಅವಳು ತಲೆ ತಗ್ಗಿಸಿದಳು. ಕಿವಿ ಬಿಸಿಯಾಗಿತ್ತು.

"ನನಗೆ ಪ್ರಶ್ನೆ ಜಾಸ್ತಿ ಅಂತ ಒಬ್ಬರು ಬೇಡ ಅಂದು ಹೋಗಿದ್ದಾರೆ."

"ಗೊತ್ತು. ಚಿಕ್ಕಮ್ಮ ಹೇಳಿದ್ರು."

"ಹೇಳಿಬಿಟ್ಟಳಾ..."

"ಆ ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ, ಹುಡುಕೋ ಮನಸ್ಸೂ ಇರಲಿಲ್ಲ ಅಂದ್ರು. ನನಗೂ ಎಷ್ಟೋ ಸಲ ಗೊತ್ತಿರಲ್ಲ. ಹುಡುಕ್ತೀನಿ."

ಅವಳು ಏನೂ ಕೇಳಲಿಲ್ಲ. ತುಂಬ ಹೊತ್ತು ಏನೂ ಕೇಳದೆ ಕೂತಿರುವುದು ಇಷ್ಟು ಹಿತವಾಗಿರಬಹುದೆಂದು ಅವಳಿಗೆ ತಿಳಿದಿರಲಿಲ್ಲ. ಅವನ ಅಂಗೈ ಮಂಡಿಯ ಮೇಲೆ ಬಿಚ್ಚಿಕೊಂಡಿತ್ತು. ಅವಳು ತನ್ನದನ್ನು ಅದರ ಮೇಲಿಟ್ಟಳು.

ಕುರ್ಚಿ ಮಡಚುವವನು ಹತ್ತಿರ ಬಂದು, ನೋಡಿ, ಹಾಗೇ ವಾಪಸು ಹೋದ.

"ನಿಮ್ಮ ಬಸ್ಸಿಗೆ ಹೊತ್ತಾಯ್ತು," ಎಂದ ಅವನು ಮೆಲ್ಲಗೆ.

"ಹೋಗಲಿ ಬಿಡಿ. ಇನ್ನೊಂದಿದೆ."

"ಚಿಕ್ಕಮ್ಮ ಕಾಯ್ತಿರ್ತಾರೆ."

"ಹಾಗಾದ್ರೆ ನೀವೇ ಫೋನ್ ಮಾಡಿ, ತಡ ಆಗತ್ತೆ ಅಂತ ಹೇಳಿ."

"ಇಂಜಿನಿಯರ್ ಮಾತಾಡ್ತಿದ್ದೀನಿ ಅಂದ್ರೆ, ಬಕೆಟ್ ಎತ್ತಿಟ್ಟು ಹೋಗಿಲ್ಲ ಯಾಕೆ ಅಂತ ಶುರು ಮಾಡ್ತಾರೆ."

"ಹಾಗನ್ನಬೇಡಿ," ಎಂದಳು ಅವಳು, ಹಿಡಿದ ಕೈ ಬಿಡದೆ. "ಅಳಿಯ ಮಾತಾಡ್ತಿದ್ದೀನಿ ಅನ್ನಿ."