ರಾಜೇಸಾಬರ ಗ್ಯಾರೇಜಿನ ಅವಳಿ ಇಂಜಿನ್‌ಗಳು

ಇಂಜಿನ್ ಇರಲಿಲ್ಲ.

ಸವಣೂರಿನ ರಾಜೇಸಾಬರು ಬೆಳಿಗ್ಗೆ ಗ್ಯಾರೇಜು ತೆರೆದಾಗ ಹಿಂಬದಿಯ ತಗಡುಗಳು ಕಳಚಿ ಬಿದ್ದಿದ್ದವು. ದುರಸ್ತಿಗೆಂದು ಎರಡು ಕಾರುಗಳಿಂದ ಇಳಿಸಿಟ್ಟಿದ್ದ ಇಂಜಿನ್‌ಗಳಲ್ಲಿ ಒಂದು ಮಾಯ! ಹಾನಗಲ್ಲಿನ ಉಳವಪ್ಪನವರದು.

ನಾನೂ ಸುಧಾರಾಣಿಯೂ ಹೋಗುವಷ್ಟರಲ್ಲಿ ಉಳವಪ್ಪನವರು ಬಂದು ಕೂಗಾಡುತ್ತಿದ್ದರು. ಸುಧಾರಾಣಿ ನನ್ನ ನೆರೆಮನೆಯವಳು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ನಮ್ಮ ಓಣಿಯಲ್ಲಿ ಏನು ಕಳೆದರೂ ಮೊದಲ ಕರೆ ಅವಳಿಗೇ.

"ಕಾರು ಎಳಿಯೋ ಗಾಡಿಗೆ ಹೇಳೇನಿ," ಎಂದರು ಉಳವಪ್ಪ. "ಅದು ಬರೂದ್ರಾಗ ಇಂಜಿನ್ ಸಿಗಬೇಕು. ಇಲ್ಲಂದ್ರ ಕಾರು ಎಳಕೊಂಡು ಸೀದಾ ಪೊಲೀಸ್ ಸ್ಟೇಷನ್! ಆಮ್ಯಾಲೆ ಈ ಗ್ಯಾರೇಜಿಗೆ ಯಾರು ಬರ್ತಾರ ನೋಡೂಣು!"

ಆಯುಷ್ಯವಿಡೀ ಗಳಿಸಿದ ಹೆಸರು ಒಂದೇ ಬೆಳಗಿನಲ್ಲಿ ಹೋಗುವುದರಲ್ಲಿತ್ತು. ಆದರೂ ರಾಜೇಸಾಬರು ಕುರ್ಚಿ ಒರೆಸಿ, ಬೈಯುತ್ತಿದ್ದವರ ಹಿಂದೆ ಮೆಲ್ಲಗೆ ಇಟ್ಟರು.

"ಉಳಿದಿರೋ ಇಂಜಿನ್ ಯಾರದು?" ಸುಧಾರಾಣಿ ಕೇಳಿದಳು.

"ಹಿರೇಕೆರೂರಿನ ಹತ್ತಿ ವ್ಯಾಪಾರಿ ಮಾಲತೇಶ ಅವರ್ದು ರೀ ಅಕ್ಕಾರ. ಇವತ್ತ ಬಿಚ್ಚಿ ನೋಡೋದಿತ್ತು."

"ಎರಡೂ ಒಂದೇ ಥರ ಇದ್ವೇನು?"

"ಒಂದ ಮನಿತನದ್ವು ರೀ. ನಾಕ ಸಿಲಿಂಡರ್, ಪೆಟ್ರೋಲ್. ಇದು ಸಾವಿರದ ಇನ್ನೂರ್ ಸಿಸಿ, ಹ್ವಾದದ್ದು ಸಾವಿರ. ಅಣ್ಣ-ತಮ್ಮ ಇದ್ದಂಗ. ನಮಗ ಗೊತ್ತಾಗ್ತೈತಿ, ಬ್ಯಾರೇದವರಿಗೆ ಗೊತ್ತಾಗಂಗಿಲ್ಲ."

"ಮತ್ಯಾರು? ಆ ಗುಜರಿ ಮುಬಶೀರನ ಕೆಲಸ!" ಉಳವಪ್ಪ ಬಾಗಿಲತ್ತ ಬೆರಳು ಮಾಡಿದರು. "ನಿನ್ನೆ ಸಂಜಿತನಾ ಇಲ್ಲೇ ಕುಂತಿದ್ದನಂತ!"

ಬಾಗಿಲಲ್ಲಿ ನಿಂತಿದ್ದ ಮುಬಶೀರ ನಕ್ಕ. "ನಾನು ತೂಕದ ಮ್ಯಾಲೆ ಮಾರಾಂವ ರೀ ಸಾವಕಾರ. ಕದಿಯೋದಿದ್ರ ಒಂದ್ಯಾಕ ಬಿಡ್ತಿದ್ನಿ?"

ಸುಧಾರಾಣಿ ನೆಲಕ್ಕೆ ಬಾಗಿದಳು. ಕಳುವಾದ ಇಂಜಿನ್ ಇದ್ದ ಜಾಗದಲ್ಲಿ ಚೆಂಡುಹೂವಿನ ಎಸಳು, ಚೂರು ವಿಭೂತಿ.

"ನಿನ್ನೆ ಅಮಾವಾಸ್ಯೆ. ಪೂಜೆಗೆ ಬಂದಿದ್ರೇನ್ರಿ ಉಳವಪ್ಪನವರೇ?"

"ಎಲ್ಲಿ ಪೂಜಿ! ಪುರಸೊತ್ತ ಇರಲಿಲ್ಲ."

ಚಹಾ ತಂದ ನಸೀರಾ, ರಾಜೇಸಾಬರ ಹೆಂಡತಿ, ತಗ್ಗಿದ ದನಿಯಲ್ಲಿ ಹೇಳಿದಳು: "ಗುತ್ತೆವ್ವಾರು ಸಂಜಿಮುಂದ ಫೋನ್ ಮಾಡಿದ್ರು. 'ನಮ್ಮ ಇಂಜಿನ್ ಹಂಗ ಬಿಡಬ್ಯಾಡವಾ' ಅಂದ್ರು. ನಾನ ಈಬತ್ತಿ ಹಚ್ಚಿ ಹೂ ಇಟ್ಟೆ."

ತಮ್ಮ ಹೆಂಡತಿ ಗುತ್ತೆವ್ವನ ಹೆಸರು ಕೇಳಿ ಉಳವಪ್ಪ ಗಂಟಲು ಸರಿಪಡಿಸಿಕೊಂಡರು. ಸುಧಾರಾಣಿ ನಸೀರಾಳ ಕಿವಿಯಲ್ಲಿ ಇನ್ನೇನೋ ಕೇಳಿದಳು. ನಸೀರಾ ಹೌದೆಂದು ತಲೆಯಾಡಿಸಿದಳು.

"ಮಾಲತೇಶಗ ತಿಳಿಸೀರೇನು?"

"ಇಲ್ರಿ," ಎಂದರು ರಾಜೇಸಾಬ. "ಅವರ್ದು ಇಲ್ಲೇ ಐತೆಲ್ಲ."

"ಹಂಗಾದ್ರ ಅದರ ಮ್ಯಾಲೆ ತಾಡಪತ್ರಿ ಹಾಕ್ರಿ. ಯಾರೂ ಬಾಯಿ ಬಿಡಬ್ಯಾಡ್ರಿ."

ಕಾದೆವು. ಉಳವಪ್ಪ ರಸ್ತೆಗೂ ಬಾಗಿಲಿಗೂ ತಿರುಗುತ್ತಲೇ ಇದ್ದರು. ದೂರದಲ್ಲಿ ಯಾವ ಗಾಡಿಯ ಸದ್ದಾದರೂ ರಾಜೇಸಾಬರ ಮುಖ ಬಿಳಿಚಿಕೊಳ್ಳುತ್ತಿತ್ತು. ಎಳೆಯುವ ಗಾಡಿಯೇ? ಅಲ್ಲ — ಮಾಲತೇಶ! ಬೈಕಿನಿಂದ ಇಳಿದವನೇ ಶುರುಮಾಡಿದ.

"ನನ್ನ ಇಂಜಿನ್ ಕಳುವಾತಂತಲ್ರೀ! ಇದೇನ ಗ್ಯಾರೇಜೋ, ಛತ್ರಾನೋ? ನನಗ ಬ್ಯಾರೆ ಇಂಜಿನ್ ಹಾಕಿ ಕೊಡ್ರಿ!"

"ಯಾರು ಹೇಳಿದ್ರು?" ಸುಧಾರಾಣಿಯ ದನಿ ಏರಲಿಲ್ಲ.

"ಅಲ್ಲೇ... ಚಹಾದಂಗಡ್ಯಾಗ ಅಂದ್ರು."

"ನಿಮ್ಮದ ಅಂತ ಅಂದ್ರೇನು?"

"ಹೂಂ, ನಂದ!"

ಅವಳು ತಾಡಪತ್ರಿ ಎಳೆದಳು. "ಮತ್ತ ಇದ್ಯಾರದು?"

ಮಾಲತೇಶ ಬೈಕಿನತ್ತ ಒಂದು ಹೆಜ್ಜೆ ಹಿಂದೆ ಸರಿದ. ಸುಧಾರಾಣಿ ಮುಂದುವರಿಸಿದಳು:

"ನಿಮ್ಮ ಇಂಜಿನ್ ಒಳಗ ಬಿರುಕು ಬಿಟ್ಟಿರಬೇಕು. ಅಲ್ಲೇನು? ಬಿಚ್ಚಿದ್ರ ಇವತ್ತು ಬಯಲಾಗ್ತಿತ್ತು. ಬಿಚ್ಚೋಕ್ಕಿಂತ ಮೊದಲ ಕಳುವಾದ್ರ ರಾಜೇಸಾಬರು ಛಲೋ ಇಂಜಿನ್ ಕೊಡಲೇಬೇಕು. ಅದಕ್ಕ ನಿನ್ನೆ ಮಧ್ಯಾಹ್ನ ಬಂದು, ಪೂಜೆ ನೆಪದಾಗ ಗುರುತು ಮಾಡಿದ್ರಿ. ಕದಿಯೋರಿಗೆ 'ಈಬತ್ತಿ ಹಚ್ಚಿ ಹೂ ಇಟ್ಟದ್ದು ತರ್ರಿ' ಅಂದ್ರಿ."

"ಆದ್ರ ಅವರು ನಂದ್ಯಾಕ ಒಯ್ದರು?" ಉಳವಪ್ಪ ತಡೆಯಲಾರದೆ ಕೇಳಿದರು.

"ಎಸಳು ಎಲ್ಲರೂ ನೋಡಿದಿರಿ. ಆ ಹೂ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ನಾನು ನಸೀರಾಳ ಕಿವಿಯಾಗ ಕೇಳಿದ್ದು ಅದನ್ನ. ಸಂಜೆ ರಾಜೇಸಾಬರು ಮಾಲತೇಶನ ಇಂಜಿನ್ ಸೀಮೆಎಣ್ಣೆಯಿಂದ ತೊಳೆಯೋಕೆ ಕುಂತರು. ದೇವರ ಹೂ ಕೆಡಬಾರದಂತ ನಸೀರಾ ಮೊದಲ ಎತ್ತಿಟ್ಟಳು. ವಿಭೂತಿ ತೊಳೆದು ಹೋತು. ಗುತ್ತೆವ್ವನ ಫೋನ್ ಬಂದಾಗ ಅದೇ ಹೂವನ್ನ ನಿಮ್ಮ ಇಂಜಿನ್‌ಗೆ ಏರಿಸಿದಳು. ಕದಿಯೋಕೆ ಬಂದವರು ಹೇಳಿದ್ದನ್ನೇ ಮಾಡಿದರು, ಪಾಪ."

ಮಾಲತೇಶ ಗೋಡೆ ಹಿಡಿದು ಕುಳಿತ. "ನನ್ನ ಗೋದಾಮಿನ್ಯಾಗ ಐತ್ರಿ... ಚೀಲದ ಹಿಂದ. ನಾನಿನ್ನಾ ನೋಡೇ ಇಲ್ಲ."

ರಾಜೇಸಾಬರು ಅವನ ಮುಂದೆ ಬಂದರು. "ಬಿರುಕ ಬಿಟ್ಟೈತಿ ಅಂದಿದ್ರ ಬೆಸುಗಿ ಹಾಕಿಸಿ ಕೊಡ್ತಿದ್ನೆಲ್ರಿ... ನನ್ನ ಹೆಸರಿಗೆ ಯಾಕ ಮಸಿ ಬಳೀಲಿಕ್ಕೆ ಹೊಂಟ್ರಿ?"

ಸುಧಾರಾಣಿ ಪೊಲೀಸರಿಗೆ ಫೋನ್ ಮಾಡಿದಳು.

ಹೊರಗೆ ಹಾರ್ನ್. ಎಳೆಯುವ ಗಾಡಿ ಬಂದೇಬಿಟ್ಟಿತು. "ಕಾರು ಎಲ್ಲಿಗೆ ಒಯ್ಯೋದ್ರಿ?" ಚಾಲಕ ಇಳಿಯದೆ ಕೇಳಿದ.

ಓಣಿಯವರೆಲ್ಲ ಬಾಗಿಲಲ್ಲಿ ನೆರೆದಿದ್ದರು. ಉಳವಪ್ಪ ಬೆಳಿಗ್ಗೆ ಕೂಗಿದಷ್ಟೇ ಜೋರಾಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಕಾರು ಎಲ್ಲಿಗೂ ಹೋಗಂಗಿಲ್ಲ. ಪಂಚನಾಮಿ ಮುಗಿದ ಮ್ಯಾಲೆ ಹಿರೇಕೆರೂರಿಂದ ನನ್ನ ಇಂಜಿನ್ ತಂದು ಇಲ್ಲೇ ಇಳಸು. ರಾಜೇಸಾಬರು ಬಿಚ್ಚಿದ್ದು, ರಾಜೇಸಾಬರ ಜೋಡಸ್ತಾರ."