ಲಿಫ್ಟ್ ಬಾಗಿಲಿನ ಟಿಕೆಟ್

ಟಿಕೆಟ್ ಇರಲಿಲ್ಲ.

ಮೇಡಂ ಮತ್ತೊಮ್ಮೆ ಹುಡುಕಿಸಿದರು. ಊಹೂಂ. ಲಿಫ್ಟ್ ಬಾಗಿಲಿನ ತಂತ್ರಾಂಶದಲ್ಲಿ ದೋಷವಿದೆ ಎಂಬ ದೂರೇ, ದೋಷಗಳನ್ನು ಬರೆದಿಡುವ ಕಂಪನಿಯ ಟ್ರ್ಯಾಕರ್‌ನಲ್ಲಿ ಇಲ್ಲ. ಹಿಂದಿನ ದಿನ ಬೆಳಿಗ್ಗೆ ಆ ತಂತ್ರಾಂಶ ಬರೆದ ಕಚೇರಿಯದೇ ಲಿಫ್ಟ್, ಬಕೆಟ್ ಎಳೆದುಕೊಳ್ಳುತ್ತಿದ್ದ ಕಸ ಗುಡಿಸುವ ಆಯಮ್ಮನ ಕೈಯನ್ನು ಬಾಗಿಲಲ್ಲಿ ಜಜ್ಜಿಹಾಕಿತ್ತು. ಎರಡು ಬೆರಳು ಹೋದವು.

ಹೊಣೆ ಯಾರದು? ಟೆಸ್ಟರ್ ಹುಡುಗಿಯದು ಎಂದು ಮ್ಯಾನೇಜರ್ ಆಗಲೇ ತೀರ್ಪು ಕೊಟ್ಟಾಗಿತ್ತು. ದೋಷ ಹುಡುಕುವುದೇ ಅವಳ ಕೆಲಸ. ಹುಡುಕಿದ್ದರೆ ಟಿಕೆಟ್ ಇರಬೇಕಿತ್ತಲ್ಲ? ಅಪಘಾತವಾದ ಕೂಡಲೇ ಅವಳ ಲಾಗಿನ್ ಕಿತ್ತುಕೊಂಡು ಮನೆಗೆ ಅಟ್ಟಿದ್ದರು. ಮುಖ್ಯ ಕಚೇರಿಯಿಂದ ತನಿಖೆಗೆ ಬಂದವರು ಮೇಡಂ, ಅವರ ಸಹಾಯಕ ನಾನು. ನಮ್ಮ ವರದಿಯ ಮೇಲೆ ಆ ಹುಡುಗಿಯ ಕೆಲಸ ನಿಂತಿತ್ತು.

ಅವಳನ್ನು ಕರೆಸಿದೆವು. ಕಣ್ಣು ಊದಿಕೊಂಡಿತ್ತು.

"ಟಿಕೆಟ್ ಹಾಕಿದ್ದೆ ಮೇಡಂ. ತೆಳ್ಳಗಿನ ಕೈ ಅಡ್ಡ ಬಂದ್ರೆ ಬಾಗಿಲಿಗೆ ಗೊತ್ತಾಗಲ್ಲ ಅಂತ. ವಾರ ವಾರ ಅಪ್‌ಡೇಟ್ ಮಾಡ್ತಿದ್ದೆ."

"ಯಾರಾದ್ರೂ ನೋಡಿದ್ರಾ?"

"ಮ್ಯಾನೇಜರ್ ನೋಡ್ತಿದ್ರು. ಪ್ರತಿ ಸಲ 'ಮುಂದಿನ ಆವೃತ್ತಿಗೆ' ಅಂತ ಬರೆದು ಬಿಡ್ತಿದ್ರು."

ಮ್ಯಾನೇಜರ್ ನಕ್ಕುಬಿಟ್ಟರು. ಇದೆಲ್ಲ ಕಾಗಕ್ಕ ಗುಬ್ಬಕ್ಕನ ಕಥೆ ಎಂದರು. "ಯಾರೇ ಟಿಕೆಟ್ ಅಳಿಸಿದ್ರೂ ತಂಡಕ್ಕೆ ಮೇಲ್ ಬರುತ್ತೆ. ನನಗೆ ಬಂದೇ ಇಲ್ಲ. ನೀವೇ ನೋಡ್ಕೊಳ್ಳಿ." ಲ್ಯಾಪ್‌ಟಾಪ್ ನಮ್ಮತ್ತ ತಿರುಗಿಸಿದರು. ನಿಜ, ಏನೂ ಇರಲಿಲ್ಲ. ನಾನಂತೂ ನಂಬಿಬಿಟ್ಟೆ.

ಮೂವರ ತಂಡದಲ್ಲಿ ಉಳಿದವನು ಪ್ರೋಗ್ರಾಮರ್. ಹುಡುಗಿಗೆ ಕೆಲಸ ಕಲಿಸಿದವನು. ಮೇಲ್ ಬಂದಿತ್ತೇ ಎಂದು ಕೇಳಿದರೆ, ದಿನಕ್ಕೆ ರಾಶಿ ಮೇಲ್ ಬರುತ್ತವೆ, ಯಾರು ಓದುತ್ತಾರೆ ಎಂದು ನೆಲ ನೋಡಿದ.

ಮೇಡಂ ಹುಡುಗಿಯ ಮುಚ್ಚಿಹೋಗಿದ್ದ ಮೇಲ್ ಖಾತೆ ತೆರೆಸಿದರು. ಅಲ್ಲಿತ್ತು! 'ಲಿಫ್ಟ್ ಬಾಗಿಲಿನ ಟಿಕೆಟ್ ಅಳಿಸಲಾಗಿದೆ.' ಅಳಿಸಿದವರ ಹೆಸರಿಲ್ಲ. ಬಂದದ್ದು ಅವಳ ಲಾಗಿನ್ ಕಿತ್ತುಕೊಂಡ ಮೇಲೆ. ಅಂದರೆ ಅಳಿಸಿದವಳು ಅವಳಲ್ಲ. ಪ್ರೋಗ್ರಾಮರ್ ಖಾತೆಯಲ್ಲೂ ಅದೇ ಮೇಲ್ — ತೆರೆದು ಓದಿದ್ದು.

ಮೇಡಂ ಮೂವರನ್ನೂ ಒಟ್ಟಿಗೆ ಕೂರಿಸಿದರು.

"ಮ್ಯಾನೇಜರ್ ಸಾಹೇಬ್ರು ತಮಗೆ ಬಂದಿದ್ದ ಮೇಲ್ ತೆಗೆದುಹಾಕಿರಬಹುದಲ್ಲ?" ಎಂದೆ ನಾನು.

"ಸರ್ವರ್ ನೋಡ್ಕೊಳ್ಳೋರನ್ನ ಕೇಳ್ದೆ. ಇವರಿಗೆ ಅದು ಹೋಗೇ ಇಲ್ಲ. ಈ ಟ್ರ್ಯಾಕರ್ ಎಲ್ಲರಿಗೂ ಮೇಲ್ ಕಳಿಸುತ್ತೆ, ಅಳಿಸಿದವರೊಬ್ಬರನ್ನ ಬಿಟ್ಟು. ತಾನೇ ಮಾಡಿದ್ದನ್ನ ತನಗೇ ಯಾಕೆ ಹೇಳ್ಬೇಕು?" ಮೇಡಂ ಮ್ಯಾನೇಜರ್ ಕಡೆ ತಿರುಗಿದರು. "ಬಂದಿಲ್ಲ ಅಂತ ನೀವೇ ತೋರಿಸಿದ್ರಿ. ಗೊತ್ತಿದ್ದೂ ಸುಮ್ಮನಿದ್ದದ್ದು ಹೊರಗೆ ಬರಬಾರದು ಅಂತ ಅಳಿಸಿದ್ರಿ."

ಮ್ಯಾನೇಜರ್ ಮುಖ ಬಿಳಿಚಿಕೊಂಡಿತು. ಹುಡುಗಿ ಅತ್ತ ನೋಡಲೂ ಇಲ್ಲ. ಪ್ರೋಗ್ರಾಮರನನ್ನೇ ನೋಡುತ್ತಿದ್ದಳು.

"ನೀವು ಓದಿದ್ರಲ್ಲ, ಅಣ್ಣ?"



ಅವಳ ಕೆಲಸ ಉಳಿಸಿದೆವೆಂದು ನಾನು ಒಳಗೇ ಹಿಗ್ಗುತ್ತಿದ್ದೆ, ಪೆದ್ದ. ಅವಳು ಕಂಪನಿಯ ಗುರುತಿನ ಚೀಟಿಯನ್ನು ಕಳಚಿ ಪ್ರೋಗ್ರಾಮರ್ ಮುಂದಿಟ್ಟು, ಆಯಮ್ಮನನ್ನು ನೋಡಲು ಆಸ್ಪತ್ರೆಗೆ ಹೋಗುತ್ತೇನೆಂದು ಮೇಡಂಗೆ ಹೇಳಿ ಮೆಟ್ಟಿಲಿಳಿದು ಹೋದಳು.