ಕಿಟಕಿಯಾಚೆಯ ಗಂಡ

"ಇವತ್ತ ಎರಡ ಸಲ ಜಳಕಾ ಮಾಡೇನಿ. ಅದೂ ಮಲ್ಲಿಗಿ ವಾಸನಿ ಸೋಪು. ಈಗರ ಒಳಗ ಬರ್ಲೇನು?"

ಕಿಟಕಿಯ ಸರಳುಗಳಾಚೆ ನಿಂತು ತಾರಿಕ ಕೇಳಿದ. ಒದ್ದೆ ಕೂದಲಿನ ನೀರು ಹುಬ್ಬಿಗೆ ಇಳಿಯುತ್ತಿತ್ತು.

ಮಹೆಜಬೀನ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. "ಬ್ಯಾಡ್ರಿ. ಅಲ್ಲೇ ಕೂಡ್ರಿ."

"ಹೇಂತಿ ಮಾರಿ ಕಿಟಕ್ಯಾಗ ನೋಡೂ ಗಂಡ ಇಡೀ ದಾಂಡೇಲ್ಯಾಗ ನಾ ಒಬ್ಬನ!"

ಹಾಗೆನ್ನುತ್ತ ಅವನು ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತ. ರೊಟ್ಟಿ ಮುರಿಯುತ್ತ ಓರೆಗಣ್ಣಲ್ಲಿ ನೋಡಿ ಹುಬ್ಬು ಹಾರಿಸಿದ. ದುಪಟ್ಟಾದ ಹಿಂದೆ ಅವಳ ತುಟಿ ಅರಳಿತು. ಅವನಿಗೆ ಕಾಣಲಿಲ್ಲ.

ತಾರಿಕ ಲಾರಿ ಮೆಕ್ಯಾನಿಕ್. ಅವಳ ಬಸಿರಿಗೆ ಎರಡನೇ ತಿಂಗಳು ಹಿಡಿದಾಗಿನಿಂದ ಅವನ ಮೈಯ ಗ್ರೀಸು, ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ಅವನು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಊಟ, ಚಹಾ, ಹರಟೆ ಎಲ್ಲವನ್ನೂ ಕಟ್ಟೆಗೆ ವರ್ಗಾಯಿಸಿಕೊಂಡ. ಪಕ್ಕದ ಮನೆಯ ಜ್ಯೋತಿ ನಕ್ಕರೆ, "ಹೊಸದಾಗಿ ಲಗ್ನದ ಮಾತುಕತಿ ನಡದೈತ್ರಿ ಅಕ್ಕಾರ," ಎನ್ನುತ್ತಿದ್ದ.

ಆದರೆ ಮೂರು ದಿನಗಳಿಂದ ಮಹೆಜಬೀನ ಸುಳ್ಳಾಡುತ್ತಿದ್ದಳು. ವಾಸನೆ ಅವಳನ್ನು ಕಾಡುತ್ತಲೇ ಇರಲಿಲ್ಲ. ವಾಂತಿ ಥಟ್ಟನೆ ನಿಂತುಬಿಟ್ಟಿತ್ತು.

ಬೇರೆ ಯಾರಾದರೂ ಹಿಗ್ಗುತ್ತಿದ್ದರು. ಅವಳಿಗೆ ಕೈಕಾಲು ತಣ್ಣಗಾಗಿದ್ದವು. ಹೋದ ವರ್ಷವೂ ಹೀಗೇ ಒಂದು ಬೆಳಿಗ್ಗೆ ವಾಂತಿ ನಿಂತಿತ್ತು; ನಾಲ್ಕನೇ ದಿನ ಕೂಸು ಹೋಗಿತ್ತು. ಆಗ ಆಸ್ಪತ್ರೆಯಲ್ಲಿ ತಾರಿಕ ಗೋಡೆಗೆ ಮುಖ ಮಾಡಿ ನಿಂತದ್ದನ್ನು ಅವಳು ಮರೆತಿರಲಿಲ್ಲ. ಆ ಬೆನ್ನನ್ನು ಇನ್ನೊಮ್ಮೆ ನೋಡುವ ಧೈರ್ಯ ಅವಳಿಗಿರಲಿಲ್ಲ. ಅದಕ್ಕೇ ಈ ಮೂಗು ಮುಚ್ಚುವ ನಾಟಕ.

ಮರುದಿನ ಮಧ್ಯಾಹ್ನ ತಡೆಯಲಾಗಲಿಲ್ಲ. ಒಗೆಯಲು ಇಟ್ಟಿದ್ದ ಅವನ ಎಣ್ಣೆಗಪ್ಪು ಅಂಗಿಯನ್ನು ಮುಖಕ್ಕೊತ್ತಿಕೊಂಡು ಜೋರಾಗಿ ಉಸಿರೆಳೆದಳು. ಒಮ್ಮೆಯಾದರೂ ಹೊಟ್ಟೆ ತೊಳಸಲಿ ಎಂದು ಬೇಡಿಕೊಂಡಳು. ಏನೂ ಆಗಲಿಲ್ಲ.

"ಓಹೋ! ನನ್ನ ಅಂಗಿ ಬೇಕು, ನಾ ಬ್ಯಾಡೇನು?"

ಬಾಗಿಲಲ್ಲಿ ತಾರಿಕ. ಮರೆತ ಫೋನ್ ಒಯ್ಯಲು ಬಂದಿದ್ದ. ನಗುತ್ತಲೇ ಕೇಳಿದವನ ದನಿ ಮರುಕ್ಷಣ ಸಣ್ಣದಾಯಿತು. "ಖರೇ ಹೇಳು. ವಾಸನಿ ನೆವಾ ಏನು? ನನ್ನ ಮ್ಯಾಲೇನ ಬ್ಯಾಸರಾತೇನು?"

"ನಿಮ್ಮ ಮ್ಯಾಲೆ ಬ್ಯಾಸರಾ?" ಅವಳಿಗೆ ಅಳು ಒತ್ತಿ ಬಂತು. "ವಾಂತಿ ನಿಂತೈತ್ರಿ. ನಾಕ ದಿನಾ ಆತು. ಹೋದ ಸಲಾನೂ ಹಿಂಗ ಆಗಿತ್ತಲ್ರಿ..."

ಅವನ ಮುಖ ಬಿಳಿಚಿತು. ಆದರೂ ಬಂದು ಪಕ್ಕದಲ್ಲಿ ಕೂತ. ಎಷ್ಟೋ ವಾರಗಳ ಮೇಲೆ ಇಷ್ಟು ಹತ್ತಿರ.

"ಇಷ್ಟು ಅಂಜಿಕಿ ಒಬ್ಬಾಕೀನ ಹೊತ್ಕೊಂಡು ಕುಂತಿದ್ದಿ? ಅರ್ಧಾ ನನಗ ಕೊಡಬಾರದಾ, ಹುಚ್ಚಿ? ಏಳು. ಈಗ ಹೋಗೂಣು."

ಆಟೊದಲ್ಲಿ ಅವನ ಒರಟು ಬೆರಳುಗಳು ಅವಳ ಕೈಯನ್ನು ಹಿಡಿದೇ ಇದ್ದವು.

ಸ್ಕ್ಯಾನಿಂಗ್ ಕೋಣೆಯಲ್ಲಿ ನಿರ್ಮಲಾ ಡಾಕ್ಟರ್ ತೆರೆಯನ್ನು ಇವರತ್ತ ತಿರುಗಿಸಿದರು. ಬೂದು ಬೆಳಕಿನಲ್ಲಿ ಪುಟ್ಟದೊಂದು ಜೀವ ಕಾಲು ಝಾಡಿಸಿತು. ಕೈ ಎತ್ತಿತು. ಅದರ ಎದೆಯೊಳಗೆ ಏನೋ ಪಟಪಟ ಮಿಡಿಯುತ್ತಿತ್ತು.

"ಹದಿಮೂರನೇ ವಾರ. ಕೂಸು ಛಲೋ ಐತಿ," ಎಂದರು ಡಾಕ್ಟರ್. "ಮೂರ ತಿಂಗಳ ಆದಮ್ಯಾಲೆ ಭಾಳ ಮಂದಿಗೆ ವಾಂತಿ ತಾನ ಕಡಿಮಿ ಆಗತೈತವಾ. ಇನ್ನ ಹಸಿವು ಬರ್ತೈತಿ, ಮೈಯಾಗ ಶಕ್ತಿ ಬರ್ತೈತಿ. ಹೋದ ಸಲದ ಮಾತು ಬ್ಯಾರೆ, ಇದು ಬ್ಯಾರೆ. ಆದರ ಇನ್ನಮ್ಯಾಲೆ ಅಂಜಿಕಿ ಆದರ ಮನ್ಯಾಗ ಕೂಡಬ್ಯಾಡ, ಅವತ್ತ ಬಂದು ತೋರಿಸು."

"ಎಷ್ಟ ದೊಡ್ಡದೈತ್ರಿ?" ತಾರಿಕ ತೆರೆಯತ್ತ ಬಾಗಿ ಕೇಳಿದ.

"ನಿಮ್ಮ ಕಿರುಬೆರಳಿನಷ್ಟು. ಬೆರಳು ಬಿಡಿಸಿಕೊಂಡಾವ. ಉಗುರು ಮೂಡಾಕ ಹತ್ಯಾವ."

ತಾರಿಕ ತನ್ನ ಕೈ ನೋಡಿಕೊಂಡ. "ಉಗುರು ಸ್ವಚ್ಛ ಅದಾವೇನ್ರಿ? ನನ್ನಂಗ ಆಯಿಲ್ ಹತ್ತಿಲ್ಲಲ್ಲ?"

ಡಾಕ್ಟರ್ ಜೋರಾಗಿ ನಕ್ಕರು. ಮಹೆಜಬೀನಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅವನ ಅಂಗಿಯ ತೋಳು ಹಿಡಿದೆಳೆದು ಹಣೆಯನ್ನು ಅವನ ತೋಳಿಗೆ ಒತ್ತಿಕೊಂಡಳು. ಡೀಸೆಲ್, ಬೆವರು, ಮಲ್ಲಿಗೆ ಸೋಪು.

"ಛೀ, ಹೊಲಸು," ಎಂದಳು, ಬಿಡದೆಯೇ.

"ಹಂಗಾರ ದೂರ ಹೋಗ್ಲೇನು?"

"ಹೋಗಿ ನೋಡ್ರಿ!"

ಹೊರಗಿನ ಬೆಂಚಿನ ಮೇಲೆ ಕೂತು ಅವಳು ಮುಂಡಗೋಡದಲ್ಲಿದ್ದ ತನ್ನ ಅಮ್ಮಿಗೆ ಫೋನ್ ಹಚ್ಚಿದಳು. ಈ ಸಲ ಮೂರು ತಿಂಗಳು ಯಾರಿಗೂ ಸುದ್ದಿ ಕೊಟ್ಟಿರಲಿಲ್ಲ. "ಅಮ್ಮೀ..." ಎಂದವಳಿಗೆ ಮುಂದಿನ ಮಾತು ಹೊರಡಲಿಲ್ಲ. ಫೋನನ್ನು ತಾರಿಕನ ಕೈಗಿತ್ತಳು. ಅವನೂ "ಅಮ್ಮೀ..." ಎಂದು ತುಟಿ ಕಚ್ಚಿಕೊಂಡ.

"ಅರೇ, ಇಬ್ಬರಾಗ ಯಾರರ ಒಬ್ಬರು ಬಾಯಿ ಬಿಡ್ರೋ! ಜೀವಾ ಹಾರಾಕತ್ತೈತಿ!" ಅತ್ತಲಿಂದ ಅಮ್ಮಿ ಕೂಗಿದರು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕಣ್ಣೊರೆಸಿಕೊಂಡರು, ಆಮೇಲೆ ಒಂದೇ ಉಸಿರಿಗೆ ಇಬ್ಬರೂ ಹೇಳಿದರು.